ಕ್ಷೀರಪಥದ ಕೇಂದ್ರದ ಬಗ್ಗೆ ಚಿಕ್ಕ ಕಾರ್ಯಾಗಾರ: ಕಾರವಾರವೋ, ಶಿರಸಿಯೋ? ಯಾರನ್ನು ಕರೆಸಬೇಕು?

ಕ್ಷೀರಪಥದ ಕೇಂದ್ರದ ಬಗ್ಗೆ ಕಾರ್ಯಾಗಾರ ಕಾರವಾರದಲ್ಲಿ ಮಾಡಲೋ, ಶಿರಸಿಯಲ್ಲೋ, ಯಾರನ್ನು ಕರೆಸಲಿ ಅಂತ ಕೇಳಿದ್ದೀರಿ. ಎರಡು ದಿನ, ಮೂವತ್ತು ಜನ, ಒಬ್ಬಿಬ್ಬರು ದೊಡ್ಡ ವಿಜ್ಞಾನಿಗಳು, ರಾತ್ರಿ ಟೆಲಿಸ್ಕೋಪಿನಲ್ಲಿ ಕ್ಷೀರಪಥದ ಕೇಂದ್ರ ತೋರಿಸೋದು. ಇದೇ ಅಲ್ವಾ ನಿಮ್ಮ ಯೋಜನೆ? ಶಿರಸಿಯಲ್ಲಿ ನಾನು ಮಾಡಿದ್ದೂ ಇದೇ. ನನ್ನ ಪಟ್ಟಿಯೂ ಹೆಸರುಗಳಿಂದಲೇ ಶುರುವಾಗಿತ್ತು. ಕೆಟ್ಟಿದ್ದು ಅಲ್ಲೇ.

ಬಂದವರೆಲ್ಲ ತುಂಬ ತಿಳಿದವರು. ಪುಣೆ ಕಡೆಯಿಂದ ರೇಡಿಯೋ ಖಗೋಳದವರು, ಬೆಂಗಳೂರಿನಿಂದ ಇನ್‌ಫ್ರಾರೆಡ್ (ಅತಿಗೆಂಪು ಬೆಳಕಿನ) ಖಗೋಳದವರು. ಎಲ್ಲರಿಗೂ ಒಂದೇ ಪತ್ರ ಹಾಕಿದ್ದೆ: "ಗ್ಯಾಲಕ್ಸಿ ಕೇಂದ್ರದ ಬಗ್ಗೆ ನಿಮಗೆ ತೋಚಿದ್ದು ಮಾತಾಡಿ." ಅಂಥವರಿಗೆ ಇದನ್ನು ಹೇಳಿ, ಅದನ್ನು ಬಿಡಿ ಎನ್ನೋಕೆ ಸಂಕೋಚ. ಹಾಗಾಗಿ ಮೊದಲನೆಯವರು 1974ರಿಂದ ಶುರು ಮಾಡಿದರು. ಬಾಲಿಕ್ ಮತ್ತು ಬ್ರೌನ್ ಕೇಂದ್ರದಲ್ಲಿ ಸ್ಯಾಜಿಟೇರಿಯಸ್ ಎ ಸ್ಟಾರ್ ಎಂಬ ರೇಡಿಯೋ ಮೂಲ ಕಂಡುಹಿಡಿದದ್ದು, ಅದು ಸೂರ್ಯನ ಸುಮಾರು 43 ಲಕ್ಷ ಪಟ್ಟು ತೂಕದ ಕಪ್ಪುಕುಳಿ ಅನ್ನೋದು, ಅದನ್ನು 16 ವರ್ಷಕ್ಕೊಮ್ಮೆ ಸುತ್ತುವ ಎಸ್2 ನಕ್ಷತ್ರ, ಆ ಕಕ್ಷೆ ಅಳೆದ ಗೆಂಜೆಲ್ ಮತ್ತು ಗೆಜ್ ಅವರಿಗೆ 2020ರ ನೊಬೆಲ್, 2022ರಲ್ಲಿ ಬಂದ ಆ ಕಪ್ಪುಕುಳಿಯ ಕಿತ್ತಳೆ ಉಂಗುರದ ಚಿತ್ರ. ಎರಡನೆಯವರೂ ಇದನ್ನೇ ಹೇಳಿದರು. ಮೂರನೆಯವರೂ ಇದನ್ನೇ ಹೇಳಿದರು. ತಮ್ಮ ಸ್ವಂತ ಕೆಲಸಕ್ಕೆ ಬರುವಷ್ಟರಲ್ಲಿ ಎಲ್ಲರ ಸಮಯವೂ ಮುಗಿದಿರುತ್ತಿತ್ತು.

ಅವರದ್ದೇನೂ ತಪ್ಪಿಲ್ಲ. ಮುಂಚೆ ಮಾತಾಡಿದವರು ಏನು ಹೇಳಿದ್ದಾರೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಎಲ್ಲರ ಸ್ಲೈಡುಗಳೂ ಹಿಂದಿನ ದಿನವೇ ನನ್ನ ಪೆನ್‌ಡ್ರೈವಿಗೆ ಬಂದಿದ್ದವು. ತೆರೆದು ನೋಡಿದ್ದರೆ ಎಸ್2ರ ಕಕ್ಷೆಯ ಅದೇ ಚಿತ್ರ ಎಲ್ಲರಲ್ಲೂ ಇರೋದು ಕಾಣುತ್ತಿತ್ತು. ನಾನು ನೋಡಿದ್ದು ಫೈಲ್ ಓಪನ್ ಆಗುತ್ತದೋ ಇಲ್ಲವೋ ಅಂತ ಮಾತ್ರ. ಅದರ ಮೇಲೆ ಉದ್ಘಾಟನೆ, ಶಾಲು, ಹಾರ, ವಂದನಾರ್ಪಣೆ.

ಹೊನ್ನಾವರ ಕಡೆಯ ಒಬ್ಬ ಬಿ.ಎಸ್‌ಸಿ. ಹುಡುಗಿ ಎದ್ದು ನಿಂತು ಕೇಳಿದಳು: "ಕೆಪ್ಲರ್ ಪ್ರಕಾರ ಕಪ್ಪುಕುಳಿ ದೀರ್ಘವೃತ್ತದ ನಾಭಿಯಲ್ಲಿ ಇರಬೇಕಲ್ವಾ ಮೇಡಂ? ಚಿತ್ರದಲ್ಲಿ ಪಕ್ಕಕ್ಕೆ ಯಾಕಿದೆ?" ಎರಡು ದಿನದಲ್ಲಿ ಬಂದ ಅತ್ಯುತ್ತಮ ಪ್ರಶ್ನೆ ಅದು. ಸುತ್ತುವ ದಾರಿ ದೀರ್ಘವೃತ್ತ, ಎಳೆಯುವ ಕಾಯ ಇರೋದು ಅದರ ನಾಭಿ (ಫೋಕಸ್) ಎಂಬ ಬಿಂದುವಿನಲ್ಲಿ, ಅನ್ನೋದು ಕೆಪ್ಲರ್ ನಿಯಮ. ಎಸ್2ರ ಕಕ್ಷೆ ನಮಗೆ ನೇರವಾಗಿ ಕಾಣೋದಿಲ್ಲ. ಊಟದ ತಟ್ಟೆಯನ್ನು ಓರೆ ಹಿಡಿದ ಹಾಗೆ ಕಾಣುತ್ತದೆ. ಓರೆಯಾಗಿ ಕಂಡ ದೀರ್ಘವೃತ್ತದ ನಾಭಿಯೇ ಬೇರೆ, ನಿಜವಾದ ನಾಭಿ ಇರುವ ಜಾಗವೇ ಬೇರೆ. ಓರೆಯ ಯಾವ ಬದಿ ನಮ್ಮ ಕಡೆಗಿದೆ ಅಂತ ತಿಳಿಯಬೇಕಾದರೆ ರೋಹಿತದಿಂದ, ಅಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕಿನಿಂದ, ನಕ್ಷತ್ರ ನಮ್ಮ ಕಡೆ ಬರುವ, ದೂರ ಹೋಗುವ ವೇಗ ಅಳೆಯಬೇಕು. ಅಲ್ಲಿಂದ ಇಡೀ ವಿಷಯವೇ ಬಿಚ್ಚಿಕೊಳ್ಳುತ್ತಿತ್ತು. ನಾನು "ಊಟ ಆದಮೇಲೆ ಮಾತಾಡೋಣ" ಅಂದೆ. ಊಟ ಆಗುವಷ್ಟರಲ್ಲಿ ಉತ್ತರ ಹೇಳಬೇಕಾದವರು ವಿಮಾನ ಹಿಡಿಯೋಕೆ ಹುಬ್ಬಳ್ಳಿಗೆ ಹೊರಟಿದ್ದರು.

ಹಾಗಾಗಿ ಯಾರನ್ನು ಕರೆಸಲಿ ಅನ್ನೋದನ್ನು ಸದ್ಯ ಬಿಡಿ. ಮೊದಲು ಒಂದು ಪ್ರಶ್ನೆ ಇಟ್ಟುಕೊಳ್ಳಿ. ಇಷ್ಟು ಭಾರದ ಕಪ್ಪುಕುಳಿ ಇಷ್ಟು ಮಂಕಾಗಿ ಯಾಕಿದೆ? ಅಥವಾ, ಅದರ ಅಷ್ಟು ಹತ್ತಿರ ಎಳೆಯ ನಕ್ಷತ್ರಗಳು ಹೇಗೆ ಬಂದವು? ಯಾವುದಾದರೂ ಒಂದು ಸಾಕು. ಆ ಪ್ರಶ್ನೆಯ ಮೇಲೆ ನಿಜವಾಗಿ ಕೆಲಸ ಮಾಡುವವರನ್ನು ಕರೆಯಿರಿ. ಪಿಎಚ್.ಡಿ. ಹುಡುಗರಾದರೂ ಸರಿ, ಅವರೇ ಜಾಸ್ತಿ ಹೊತ್ತು ಕೂತು ಮಾತಾಡುತ್ತಾರೆ. "ಇತಿಹಾಸ ನಾವೇ ಹೇಳಿರುತ್ತೇವೆ, ನೀವು ನಿಮ್ಮ ಡೇಟಾದಿಂದ ಶುರು ಮಾಡಿ" ಅಂತ ಪತ್ರದಲ್ಲೇ ಬರೆಯಿರಿ. ಆಮೇಲೆ ನಾನು ಹಾಗೆ ಬರೆದಾಗ ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಮಧ್ಯಾಹ್ನ ಭಾಷಣ ಬೇಡ. ಎಸ್2ರ ಸ್ಥಾನಗಳ ಪಟ್ಟಿ ಪ್ರಕಟವಾಗಿದೆ, ಗ್ರಾಫ್ ಶೀಟ್ ಕೊಟ್ಟು ಚುಕ್ಕಿ ಇಡಿಸಿ. ಕಕ್ಷೆಯ ಅರ್ಧ ಉದ್ದ ಭೂಮಿ-ಸೂರ್ಯರ ದೂರದ ಸುಮಾರು 1000 ಪಟ್ಟು ಅಂತ ಇಟ್ಟುಕೊಳ್ಳಿ. ಅದರ ಘನ ನೂರು ಕೋಟಿ. ಒಂದು ಸುತ್ತಿಗೆ ಬೇಕಾದ 16 ವರ್ಷದ ವರ್ಗ 256. ಕೆಪ್ಲರನ ಮೂರನೇ ನಿಯಮದಂತೆ ಘನವನ್ನು ವರ್ಗದಿಂದ ಭಾಗಿಸಿದರೆ ಕಪ್ಪುಕುಳಿಯ ತೂಕ ಬರುತ್ತದೆ: ಸುಮಾರು 39 ಲಕ್ಷ ಸೂರ್ಯ! 1000ದ ಬದಲು 1030 ಹಾಕಿದರೆ 43 ಲಕ್ಷದ ಹತ್ತಿರ ಬರುತ್ತದೆ. ಸ್ಲೈಡಿನಲ್ಲಿ ಎಷ್ಟು ಸಲ ನೋಡಿದರೂ ಮನಸ್ಸಿಗೆ ಇಳಿಯದ ಸಂಖ್ಯೆ ಮಕ್ಕಳ ಕೈಯಲ್ಲೇ ಹುಟ್ಟುತ್ತದೆ. ಇದಕ್ಕೆ ಒಂದಿಡೀ ಮಧ್ಯಾಹ್ನ ಕೊಟ್ಟರೂ ಹೆಚ್ಚಲ್ಲ.

ಟೆಲಿಸ್ಕೋಪಿನಲ್ಲಿ ಕೇಂದ್ರ ತೋರಿಸುತ್ತೇವೆ ಅಂತ ಕರಪತ್ರದಲ್ಲಿ ಹಾಕಬೇಡಿ, ಕಾಣೋದಿಲ್ಲ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ನಡುವಿನ ಧೂಳು ದಾಟಿ ಬರೋದು ಲಕ್ಷ ಕೋಟಿಯಲ್ಲಿ ಒಂದು ಪಾಲು. ಅದಕ್ಕೇ ಇನ್‌ಫ್ರಾರೆಡ್ಡು, ರೇಡಿಯೋ ಬೇಕಾಗಿದ್ದು. ದಿಕ್ಕನ್ನು ಮಾತ್ರ ಖಂಡಿತ ತೋರಿಸಿ, ವೃಶ್ಚಿಕದ ಬಾಲದ ಪಕ್ಕದಲ್ಲೇ ಇದೆ. ಸಂಜೆ ಅದು ಚೆನ್ನಾಗಿ ಮೇಲೆ ಬರುವ ಜುಲೈ-ಆಗಸ್ಟಿನಲ್ಲಿ ನಮ್ಮಲ್ಲಿ ಮಳೆ. ಮಾರ್ಚ್ ಮೊದಲ ವಾರದಲ್ಲಾದರೆ ರಾತ್ರಿ ಎರಡರ ಸುಮಾರಿಗೆ ಹುಟ್ಟುತ್ತದೆ, ಬೆಳಗಿನ ಐದಕ್ಕೆ ಚೆನ್ನಾಗಿ ಮೇಲೆ ಬಂದಿರುತ್ತದೆ. ಚಂದ್ರ ಇಲ್ಲದ ದಿನ ನೋಡಿಕೊಳ್ಳಿ. ತೋಟದ ಕಣಿವೆಯಲ್ಲಿ ನಿಲ್ಲಬೇಡಿ, ಆಗ್ನೇಯಕ್ಕೆ ತೆರೆದ ಬೇಣ (ಹುಲ್ಲಿನ ಬಯಲು) ಹುಡುಕಿ.

ಊರಿನ ವಿಷಯಕ್ಕೆ ಬಂದರೆ, ಹೊರಗಿನವರು ಜಾಸ್ತಿ ಇದ್ದರೆ ಕಾರವಾರ ಮಾಡಿ, ಕೊಂಕಣ ರೈಲು ಇದೆ. ಆದರೆ ಪೂರ್ವಕ್ಕೆ ಗುಡ್ಡ ಅಡ್ಡ ಬರುತ್ತದೆ, ಕೇಂದ್ರ ಹುಟ್ಟೋದು ಆ ಕಡೆಯೇ. ಸುತ್ತಲಿನ ಕಾಲೇಜಿನ ಮಕ್ಕಳೇ ಹೆಚ್ಚಾದರೆ ಶಿರಸಿ ಸಾಕು. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಫೆಬ್ರವರಿ-ಮಾರ್ಚಿನಲ್ಲೇ ಬರುತ್ತದೆ, ಆ ವಾರ ಒಂದು ರೂಮೂ ಸಿಗೋದಿಲ್ಲ. ತಾರೀಕು ಗೊತ್ತು ಮಾಡುವ ಮೊದಲು ಅದನ್ನು ವಿಚಾರಿಸಿಕೊಳ್ಳಿ.