ಕ್ಯೂಜಿಐಎಸ್‌ನಲ್ಲಿ ಸ್ಟ್ರೈಕ್-ಡಿಪ್ ಗುರುತು 90 ಡಿಗ್ರಿ ತಪ್ಪಾಗಿ ತಿರುಗುತ್ತಿದ್ದರೆ
ನಕ್ಷೆ ತಯಾರಿಸುವ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಈ ಗುರುತು ಬಂಡೆಯ ಪದರದ ಸ್ಟ್ರೈಕ್ (ಪದರದ ಮೇಲಿನ ಸಮತಲ ಗೆರೆಯ ದಿಕ್ಕು) ಮತ್ತು ಡಿಪ್ (ಪದರ ಕೆಳಕ್ಕೆ ವಾಲುವುದು) ತೋರಿಸುತ್ತದೆ. ಎಲ್ಲ ಗುರುತುಗಳೂ ಒಂದೇ ಸಮ 90 ಡಿಗ್ರಿ ತಪ್ಪಿವೆ ಅಂದರೆ, ಬಹುಶಃ ನಿಮ್ಮ ಕಾಲಮ್‌ನಲ್ಲಿರುವುದು ಸ್ಟ್ರೈಕ್ ಅಲ್ಲ, ಡಿಪ್ ದಿಕ್ಕು. ಇಲ್ಲವೇ ಗುರುತಿಗೆ ಬಳಸಿದ ಎಸ್‌ವಿಜಿ ಚಿತ್ರದ ಫೈಲೇ ಅಡ್ಡವಾಗಿದೆ. ಎರಡರಲ್ಲಿ ಯಾವುದೆಂದು ಪರೀಕ್ಷಿಸಿಯೇ ತಿಳಿಯಬೇಕು.

ಮೊದಲು ರೊಟೇಶನ್ (ಗುರುತು ತಿರುಗುವ ಕೋನ) 0 ಇಟ್ಟು ನೋಡಿ. ಸ್ಟ್ರೈಕ್ ತೋರಿಸುವ ಉದ್ದ ಗೆರೆ ಉತ್ತರಕ್ಕೆ ನಿಂತು, ಡಿಪ್ ತೋರಿಸುವ ಚಿಕ್ಕ ಗೀಟು ಬಲಕ್ಕಿದ್ದರೆ ಚಿತ್ರ ಸರಿ ಇದೆ. ಆಗ ಸಿಂಬಾಲಜಿಯಲ್ಲಿ (ಗುರುತುಗಳ ಸೆಟ್ಟಿಂಗ್) ರೊಟೇಶನ್ ಪಕ್ಕದ ಬಟನ್ ಒತ್ತಿ, ಎಡಿಟ್‌ಗೆ ಹೋಗಿ, ಡಿಪ್ ದಿಕ್ಕಿನ ಕಾಲಮ್‌ನಿಂದ 90 ಕಳೆಯಿರಿ. ಮೈನಸ್ ಬಂದರೂ ಚಿಂತೆಯಿಲ್ಲ, ಅದು ಸುಮ್ನೆ ಉಲ್ಟಾ ತಿರುಗಿ ಸರಿಯಾದ ಜಾಗಕ್ಕೇ ಬರುತ್ತದೆ.

ಉದ್ದ ಗೆರೆ ಅಡ್ಡವಾಗಿದ್ದು ಗೀಟು ಮೇಲಕ್ಕಿದ್ದರೆ ಏನೂ ಕಳೆಯಬೇಡಿ, ಡಿಪ್ ದಿಕ್ಕನ್ನೇ ಕೊಡಿ. ಇದೇ ಅಡ್ಡ ಚಿತ್ರಕ್ಕೆ, ಬಲಗೈ ನಿಯಮದಂತೆ (ಸ್ಟ್ರೈಕ್ ದಿಕ್ಕಿಗೆ ಮುಖ ಮಾಡಿದರೆ ಡಿಪ್ ಬಲಕ್ಕಿರುವಂತೆ) ಸ್ಟ್ರೈಕ್ ಬರೆದುಕೊಂಡಿದ್ದರೆ ಅದಕ್ಕೆ 90 ಕೂಡಿಸಿ.

ನೀವೇ ಅಳೆದ ಒಂದು ಬಂಡೆಯ ಗುರುತನ್ನು ನೋಟ್‌ಬುಕ್ ಜೊತೆ ಹೋಲಿಸಿ ನೋಡಿ.