ಜರ್ಮನಿಗೆ ನಿದ್ದೆಗೆಡುವ ಪಾದ್ರಿ ತಮ್ಮ ದೇಶಕ್ಕೆ ಮಾತ್ರ ಹತ್ತಕ್ಕೇ ಮಲಗುತ್ತಾರೆ

ಗಂಡನ ಹುಚ್ಚಿನ ಬಗ್ಗೆ ಬರುವ ಪತ್ರಗಳಿಗೆ ನಾನು ಸಾಮಾನ್ಯವಾಗಿ ನಾಲ್ಕು ಸಾಲಿನಲ್ಲಿ ಉತ್ತರ ಮುಗಿಸುತ್ತೇನೆ. ಕುಡಿತ ಅಲ್ಲ, ಜೂಜು ಅಲ್ಲ, ಇನ್ನೊಂದು ಸಂಸಾರವೂ ಅಲ್ಲ ಅಂದ ಮೇಲೆ ಸುಮ್ನೆ ಬಿಡಿ ಅಂತ. ಈ ಪತ್ರಕ್ಕೆ ಹಾಗೆ ಬರೆಯಲು ಆಗಲಿಲ್ಲ. ಓದುತ್ತಾ ಮೊದಲು ನಗು ಬಂತು, ಎರಡನೇ ಹಾಳೆಗೆ ಬರುವಷ್ಟರಲ್ಲಿ ಸಿಟ್ಟು ಬಂತು. ಸಿಟ್ಟು ಗಂಡನ ಮೇಲಲ್ಲ.

ಬರೆದವರು ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿರುವ ನರ್ಸ್. ಗಂಡ ಅಲ್ಲಿನ ಚರ್ಚ್ ಆಫ್ ಇಂಗ್ಲೆಂಡಿನ ವಿಕರ್, ಅಂದರೆ ಆ ಊರಿನ ಪಾದ್ರಿ. ಒಳ್ಳೆಯ ಮನುಷ್ಯ ಅನ್ನುವ ಮಾತು ಪತ್ರದಲ್ಲಿ ಮತ್ತೆ ಮತ್ತೆ ಬರುತ್ತದೆ, ಆಮೇಲೆ ಪ್ರತಿ ಸಲವೂ ಒಂದು 'ಆದರೆ' ಬರುತ್ತದೆ. ಅವರ ದಿನನಿತ್ಯದ ಆಸಕ್ತಿಗಳ ಬಗ್ಗೆ ಈಕೆಗೆ ತಕರಾರಿಲ್ಲ. ಹಿತ್ತಲಿನ ಗಾಜಿನ ಮನೆಯಲ್ಲಿ ಟೊಮೆಟೊ ಬೆಳೆಸುತ್ತಾರೆ. ಗೋಪುರದ ಆರು ದೊಡ್ಡ ಗಂಟೆಗಳನ್ನು ಬಾರಿಸುವ ತಂಡದಲ್ಲಿ ಒಂದು ಹಗ್ಗ ಇವರ ಕೈಯಲ್ಲಿ. ಆರು ಗಂಟೆಗಳನ್ನು ಒಮ್ಮೆ ಬಂದ ಸರದಿ ಮತ್ತೆ ಬಾರದಂತೆ ಬಾರಿಸುತ್ತಾ ಹೋದರೆ ಒಟ್ಟು 720 ಸರದಿ ಆಗುತ್ತದೆ ಎಂದು ಊಟಕ್ಕೆ ಬಂದವರಿಗೆಲ್ಲ ಹೇಳುತ್ತಾರಂತೆ. ಚರ್ಚಿನ ಮಾಡಿನಲ್ಲಿ ಬಾವಲಿಗಳಿವೆ. ಓಡಿಸುವಂತಿಲ್ಲ, ಅಲ್ಲಿನ ಕಾನೂನು ಬಿಡುವುದಿಲ್ಲ. ಹಾಗಾಗಿ ಬೇಸಿಗೆಯ ಸಂಜೆ ಹೊರಗೆ ಕುರ್ಚಿ ಹಾಕಿಕೊಂಡು, ಒಂದೊಂದಾಗಿ ಹಾರಿ ಹೋಗುವುದನ್ನು ಎಣಿಸಿ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಾರೆ.

ತಕರಾರು ಇರುವುದು ಅದೇ ನೋಟ್‌ಬುಕ್ಕಿನ ಹಿಂಭಾಗದ ಬಗ್ಗೆ. ಮುಂದಿನಿಂದ ಬಾವಲಿ, ಹಿಂದಿನಿಂದ ಚುನಾವಣೆ. ಎಲ್ಲಾ ಪರದೇಶದ ಚುನಾವಣೆ. ಒಂದು ಪುಟದ ಫೋಟೊ ಕಳಿಸಿದ್ದಾರೆ. ಐರ್ಲೆಂಡಿನ ಯಾವುದೋ ಕ್ಷೇತ್ರ, ಏಳನೇ ಸುತ್ತಿನ ಎಣಿಕೆ, ಯಾರು ಹೊರಬಿದ್ದರು, ಅವರ ಎರಡನೇ ಪ್ರಾಶಸ್ತ್ಯದ ಮತಗಳು ಯಾರ್ಯಾರಿಗೆ ಎಷ್ಟೆಷ್ಟು ಹೋದವು ಅಂತ ಬಾಣದ ಗುರುತುಗಳು. ಪುಟದ ಮೂಲೆಯಲ್ಲಿ ಟೀ ಲೋಟದ ಕಲೆ. ಅದು 2024ರ ನವೆಂಬರ್ ಕೊನೆಯ ಚುನಾವಣೆ. ಶುಕ್ರವಾರ ಮತದಾನ, ಶನಿವಾರ ಬೆಳಿಗ್ಗೆಯಿಂದ ಎಣಿಕೆ. ಆ ಭಾನುವಾರ ಡಿಸೆಂಬರ್ 1, ಕ್ರಿಸ್‌ಮಸ್‌ಗೆ ಕಾಯುವ ಕಾಲವಾದ ಅಡ್ವೆಂಟ್‌ನ ಮೊದಲ ದಿನ, ಚರ್ಚಿಗೆ ಹೊಸ ವರ್ಷ ಶುರುವಾಗುವ ದಿನ. ಪಾದ್ರಿಗಳು ಮೊದಲ ಮೇಣದಬತ್ತಿ ಹಚ್ಚುವಾಗ ಕಣ್ಣು ಕೆಂಪಗಿತ್ತಂತೆ, ಸಭೆಯಲ್ಲಿದ್ದ ಒಬ್ಬ ಅಜ್ಜಿ ಭಕ್ತಿ ಅಂದುಕೊಂಡರಂತೆ.

ನಿಜ ಹೇಳಬೇಕೆಂದರೆ ನನಗೆ ಈ ಮನುಷ್ಯ ಇಷ್ಟವಾದರು.

ಪಾಪ, ಅವರ ಕಷ್ಟವೂ ಕಷ್ಟವೇ. ಜರ್ಮನಿ, ಫ್ರಾನ್ಸ್, ಸ್ಪೇನ್, ಪೋಲೆಂಡ್ ಎಲ್ಲರೂ ಓಟು ಹಾಕುವುದು ಭಾನುವಾರ. ದೇವರೂ ಯುರೋಪಿನ ಚುನಾವಣಾ ಅಧಿಕಾರಿಗಳೂ ಒಂದೇ ದಿನ ಆರಿಸಿಕೊಂಡಿದ್ದಾರೆ. ಫ್ರಾನ್ಸಿನ ಅಂದಾಜು ಫಲಿತಾಂಶ ಬರುವುದು ಅಲ್ಲಿನ ರಾತ್ರಿ 8ಕ್ಕೆ, ಇಂಗ್ಲೆಂಡಿನಲ್ಲಿ 7 ಗಂಟೆಗೆ. ಇವರ ಚರ್ಚಿನಲ್ಲಿ ಸಂಜೆ ಪ್ರಾರ್ಥನೆ 6ಕ್ಕೆ. 2024ರ ಜುಲೈ 7ರಂದು ಕೊನೆಯ ಕೀರ್ತನೆಯ ಐದು ಚರಣಗಳಲ್ಲಿ ಎರಡನ್ನೇ ಹಾಡಿಸಿ, ನಿಲುವಂಗಿಯಲ್ಲೇ ಸಮಾಧಿಗಳ ನಡುವೆ ಓಡಿ ಮನೆ ಸೇರಿದರಂತೆ. ಸಂಸತ್ ಚುನಾವಣೆಯ ಮೊದಲ ಸುತ್ತಿನಲ್ಲಿ ಮುಂದಿದ್ದ ಲೆ ಪೆನ್ ಅವರ ಬಲಪಂಥೀಯ ಪಕ್ಷ ಮೂರನೇ ಸ್ಥಾನಕ್ಕೆ ಇಳಿದು ಎಡಪಕ್ಷಗಳ ಕೂಟ ಮೊದಲು ಬಂದ ರಾತ್ರಿ ಅದು. ಓಡದೆ ಇನ್ನೇನು ಮಾಡುತ್ತಾರೆ?

2025ರ ಫೆಬ್ರವರಿ 23, ಜರ್ಮನಿ. ಅಲ್ಲಿ ಪಕ್ಷದ ಪಟ್ಟಿಗೆ ಶೇ 5ರಷ್ಟು ಮತ ಬೀಳದಿದ್ದರೆ ಸಾಮಾನ್ಯವಾಗಿ ಸಂಸತ್ತಿಗೆ ಪ್ರವೇಶವಿಲ್ಲ. ಸಾರಾ ವಾಗೆನ್‌ಕ್ನೆಕ್ಟ್ ಅವರ ಹೊಸ ಪಕ್ಷ ಶೇ 4.98ಕ್ಕೆ ನಿಂತಿತು. ಪೂರ್ತಿ ದೇಶದಲ್ಲಿ 10 ಸಾವಿರಕ್ಕಿಂತ ಕಡಿಮೆ ಮತಗಳ ಕೊರತೆ. ಪಾದ್ರಿಗಳಿಗೆ ಆ ಪಕ್ಷ ಆಗಿಬರುವುದಿಲ್ಲವಂತೆ. ಆದರೂ ರಾತ್ರಿಯಿಡೀ ಅಡುಗೆಮನೆಯಲ್ಲಿ ಅತ್ತಿಂದಿತ್ತ ನಡೆದಿದ್ದಾರೆ. ಅದೇ ವರ್ಷ ಏಪ್ರಿಲ್ 28ಕ್ಕೆ ಕೆನಡಾ, ಮೇ 3ಕ್ಕೆ ಆಸ್ಟ್ರೇಲಿಯಾ. ಐದು ದಿನಗಳ ಅಂತರದಲ್ಲಿ ಎರಡೂ ದೇಶಗಳ ವಿರೋಧ ಪಕ್ಷದ ನಾಯಕರು ತಮ್ಮ ತಮ್ಮ ಕ್ಷೇತ್ರದಲ್ಲೇ ಸೋತರು. ಆಸ್ಟ್ರೇಲಿಯಾದ ಎಣಿಕೆ ಇಂಗ್ಲೆಂಡಿನಲ್ಲಿ ಶನಿವಾರ ಬೆಳಿಗ್ಗೆ ಶುರುವಾಗುತ್ತದೆ. ಆ ದಿನ ಚರ್ಚಿನಲ್ಲಿ ಒಂದು ಮದುವೆ ಇತ್ತು. ಈ ಸುದ್ದಿಯನ್ನು ಬಾಗಿಲಲ್ಲೇ ವಧುವಿನ ಅಪ್ಪನಿಗೆ ಹೇಳಿದ್ದಾರೆ. ಆ ಮನುಷ್ಯ ಒಳ್ಳೆಯದಾಯಿತು ಅಂದನಂತೆ, ಏನು ಒಳ್ಳೆಯದಾಯಿತೋ.

ಈಕೆಯ ಪ್ರಶ್ನೆ ಏನೆಂದರೆ, "ನಾನು ಮದುವೆಯಾಗಿದ್ದು ಮನುಷ್ಯನನ್ನೋ ಚುನಾವಣಾ ಆಯೋಗವನ್ನೋ?" ಜೊತೆಗೆ ಚರ್ಚ್ ವಾರ್ಡನ್ ಒಬ್ಬರು, ಅಂದರೆ ಚರ್ಚಿನ ವ್ಯವಹಾರ ನೋಡಿಕೊಳ್ಳಲು ಊರವರು ಆರಿಸಿದ ಪ್ರತಿನಿಧಿ, ಬಾಗಿಲಿಗೆ ಬಂದು, ಪಾದ್ರಿಗಳ ಓದುವ ಕೋಣೆಯಲ್ಲಿ ರಾತ್ರಿ ಮೂರರವರೆಗೂ ದೀಪ ಇರುತ್ತದೆ, ಊರವರು ಮಾತಾಡಿಕೊಳ್ಳುತ್ತಿದ್ದಾರೆ, ದೂರದ ದೇಶಗಳ ಬದಲು ಸ್ವಲ್ಪ ಊರಿನ ಕಡೆ ಗಮನ ಕೊಡಲಿ, ಇಲ್ಲದಿದ್ದರೆ ಪಾದ್ರಿಗಳ ಮೇಲಧಿಕಾರಿಯಾದ ಆರ್ಚ್‌ಡೀಕನ್‌ಗೆ ತಿಳಿಸಬೇಕಾಗುತ್ತದೆ ಎಂದು ಹೇಳಿ ಹೋಗಿದ್ದಾರೆ. ಈಕೆಗೆ ನಾಚಿಕೆಯಾಗಿದೆ. ಗಂಡನ ಟ್ಯಾಬ್ಲೆಟ್ ತೆಗೆದು ಬೀರುವಿನಲ್ಲಿ ಸೀರೆಗಳ ಕೆಳಗೆ ಬಚ್ಚಿಟ್ಟಿದ್ದಾರೆ.

ನೋಡಮ್ಮ, ನಿಮ್ಮ ಪತ್ರದಲ್ಲಿ ಮುಖ್ಯವಾದ ವಾಕ್ಯವನ್ನು ನೀವು ಕಂಸದೊಳಗೆ ಹಾಕಿದ್ದೀರಿ. "(ಪುಣ್ಯಕ್ಕೆ ನಮ್ಮದೇ ಚುನಾವಣೆಯ ದಿನ ಮಾತ್ರ ಹತ್ತು ಗಂಟೆಗೆಲ್ಲ ಮಲಗಿಬಿಟ್ಟರು.)" ಪುಣ್ಯಕ್ಕೆ ಅಂತೆ! 2024ರ ಜುಲೈ 4, ಗುರುವಾರ. ನಿಮ್ಮ ಚರ್ಚಿನ ಹಾಲ್ ಮತಗಟ್ಟೆ. ಯಜಮಾನರು ಬೆಳಿಗ್ಗೆಯಿಂದ ಸಿಬ್ಬಂದಿಗೆ ಟೀ ಮಾಡಿ ಕೊಟ್ಟರು, ಬಂದವರಿಗೆಲ್ಲ ನಮಸ್ಕಾರ ಹೇಳಿದರು. ರಾತ್ರಿ 10ಕ್ಕೆ ಮತದಾನ ಮುಗಿಯುತ್ತದೆ, ಸರಿಯಾಗಿ 10ಕ್ಕೇ ಎಕ್ಸಿಟ್ ಪೋಲ್ ಬರುತ್ತದೆ. ಚುನಾವಣೆ ಹುಚ್ಚಿನವರಿಗೆ ಬ್ರಿಟನ್ನಿನಲ್ಲಿ ಅದಕ್ಕಿಂತ ದೊಡ್ಡ ಗಳಿಗೆ ಇಲ್ಲ. ಸರ್ಕಾರವೇ ಬದಲಾದ ರಾತ್ರಿ ಅದು. ಮೂರು ದಿನ ಕಳೆದು ಫ್ರಾನ್ಸಿಗಾಗಿ ನಿಲುವಂಗಿ ಎತ್ತಿಕೊಂಡು ಓಡಿದ ಮನುಷ್ಯ ಆ ಹೊತ್ತಿಗೆ ದೀಪ ಆರಿಸಿ ಮಲಗಿದ್ದರು. ನಿದ್ದೆ ಬಂದಿತ್ತು ಅಂತ ನೀವು ನಂಬಿದಿರಾ?

ಕಾರಣವೂ ನಿಮ್ಮ ಪತ್ರದಲ್ಲೇ ಇದೆ, ಬೇರೆ ಪುಟದಲ್ಲಿ, ಬೇರೆ ಯಾವುದೋ ವಿಷಯಕ್ಕೆ ಉದಾಹರಣೆಯಾಗಿ. 2016ರ ಜೂನ್ 23ರಂದು ಯುರೋಪಿಯನ್ ಒಕ್ಕೂಟ ಬಿಡುವ ಜನಮತ ಸಂಗ್ರಹ ನಡೆದು, ಶೇ 52ಕ್ಕೆ 48 ಎಂದು ದೇಶ ಎರಡು ಹೋಳಾಯಿತು. ಮುಂದಿನ ಭಾನುವಾರ ಇವರು ಪ್ರಾರ್ಥನೆಯಲ್ಲಿ ಗೆದ್ದವರಿಗಾಗಿ, ಸೋತವರಿಗಾಗಿ, ಮತ್ತು ಇನ್ನು ಮುಂದೆ ಇಲ್ಲಿ ತಮಗೆ ಜಾಗ ಇದೆಯೋ ಇಲ್ಲವೋ ಎಂದು ಹೆದರಿರುವವರಿಗಾಗಿ ಬೇಡಿಕೊಂಡರು. ಅಷ್ಟೇ. ಆ ಮೂರನೇ ಮಾತಿಗೆ ಎರಡು ಕುಟುಂಬಗಳು ಚರ್ಚಿಗೆ ಬರುವುದನ್ನೇ ಬಿಟ್ಟವು. ವಾರ್ಡನ್ ಬಂದು "ಇಲ್ಲಿ ರಾಜಕೀಯ ಬೇಡ" ಅಂದರು. ಇವರು ಆಯಿತು ಅಂದರು. ಅಂದಿನಿಂದ ಊರಿನಲ್ಲಿ ಮಾತ್ರ ಅಲ್ಲ, ಮನೆಯಲ್ಲೂ ಆ ಮಾತು ಇಲ್ಲ. "ಯಾರಿಗೆ ಓಟು ಹಾಕುತ್ತಾರೆ ಅಂತ ನನಗೂ ಹೇಳಿಲ್ಲ, ನಾನೂ ಕೇಳಿಲ್ಲ" ಅಂತ ಬರೆದಿದ್ದೀರಿ.

ಹೆದರಿದ್ದವರ ಆ ಪಟ್ಟಿಯಲ್ಲಿ ನೀವೂ ಇದ್ದಿರಿ, ಅಲ್ವಾ? ಹೊರಗಿನಿಂದ ಬಂದ ನರ್ಸ್, ಆಸ್ಪತ್ರೆಯಲ್ಲಿ ಆ ವಾರ ಯಾರೋ ಏನೋ ಅಂದಿದ್ದರು ಅಂತ ನೀವೇ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ. ಅವರು ಆ ಮಾತು ಸೇರಿಸಿದ್ದು ಯಾರನ್ನು ನೆನೆದು ಅಂತ ನಿಮಗೆ ಒಂದು ದಿನವೂ ಅನ್ನಿಸಲಿಲ್ಲವಾ? ಈ ಪ್ರಶ್ನೆ ಸ್ವಲ್ಪ ಒರಟಾಯಿತು, ಗೊತ್ತು. ಇರಲಿ.

ಹಳ್ಳಿಯ ಪಾದ್ರಿಯ ಕೆಲಸ ಎಂಥದ್ದು ಅಂತ ಯೋಚಿಸಿ. 52ರ ಕಡೆಯವರ ಅಪ್ಪನನ್ನೂ ಅವರೇ ಮಣ್ಣು ಮಾಡಬೇಕು, 48ರ ಕಡೆಯವರ ಮಗುವಿಗೂ ಅವರೇ ದೀಕ್ಷಾಸ್ನಾನ ಮಾಡಿಸಬೇಕು. ತಮ್ಮ ದೇಶದಲ್ಲಿ ಯಾರು ಗೆದ್ದರೂ ಮುಖ ಅರಳಿಸುವಂತಿಲ್ಲ, ಯಾರು ಸೋತರೂ ಬಾಡಿಸುವಂತಿಲ್ಲ, ಏಕೆಂದರೆ ಮರುದಿನ ಅಂಗಡಿಯಲ್ಲಿ ಹಾಲು ತರಲು ಹೋದಾಗ ಜನ ಆ ಮುಖವನ್ನೇ ನೋಡುತ್ತಾರೆ. ಆದರೆ ಜರ್ಮನಿಯ 4.98ಕ್ಕೆ ಎಷ್ಟು ಬೇಕಾದರೂ ಸಂಕಟ ಪಡಬಹುದು. ಡಬ್ಲಿನ್ನಿನಲ್ಲಿ ತಮಗೆ ಬೇಕಾದವರು ಹದಿಮೂರನೇ ಸುತ್ತಿನಲ್ಲಿ ಗೆದ್ದರೆ ಕುಣಿಯಬಹುದು. ಅದಕ್ಕೆ ಯಾವ ಕುಟುಂಬವೂ ಚರ್ಚು ಬಿಟ್ಟು ಹೋಗುವುದಿಲ್ಲ. ಈ ಅಂಕಣ ಓದುವವರಿಗೆ ನನ್ನ ಅಭಿಪ್ರಾಯ ಗೊತ್ತೇ ಇದೆ: ಪ್ರತಿ ಮನುಷ್ಯನಿಗೂ ಯಾವ ಪ್ರಯೋಜನಕ್ಕೂ ಬಾರದ ಒಂದು ಹುಚ್ಚು ಇರಬೇಕು. ನಿಮ್ಮ ಯಜಮಾನರದು ಬರೀ ಹುಚ್ಚಲ್ಲ, ಅದು ಅವರ ಮಾತಿಗೆ ಉಳಿದಿರುವ ಒಂದೇ ದಾರಿ. ಅದಕ್ಕೂ ನೀವು ಬೀರು ಬೀಗ ಹಾಕಿದ್ದೀರಿ.

ಈಗ ಆ ವಾರ್ಡನ್ ವಿಷಯ. ಬಾಗಿಲಲ್ಲಿ ನಿಂತು "ಜನ ಮಾತಾಡಿಕೊಳ್ಳುತ್ತಿದ್ದಾರೆ" ಅನ್ನುವವರ ಬಗ್ಗೆ ನಾನು ಮೊದಲೂ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ. ಆ ಜನ ಯಾವಾಗಲೂ ಒಬ್ಬರೇ ಇರುತ್ತಾರೆ, ಅವರೇ ಬಾಗಿಲಲ್ಲಿ ನಿಂತಿರುತ್ತಾರೆ. ರಾತ್ರಿ ಮೂರಕ್ಕೆ ಪಾದ್ರಿಯ ಕಿಟಕಿಯಲ್ಲಿ ದೀಪ ಕಂಡಿತು ಅಂದರೆ ಇವರು ಆ ಹೊತ್ತಿಗೆ ಬೀದಿಯಲ್ಲಿ ಏನು ಮಾಡುತ್ತಿದ್ದರು? ರಾಜಕೀಯ ಬೇಡವಂತೆ. ಆ ಚರ್ಚಿನ 26 ಬಿಷಪ್‌ಗಳಿಗೆ ಸಂಸತ್ತಿನ ಮೇಲ್ಮನೆಯಲ್ಲಿ ಕಾಯಂ ಕುರ್ಚಿಗಳಿವೆ. 2001ರಲ್ಲಿ ಕಾನೂನು ಬದಲಾದ ಮೇಲೆ ನಿಮ್ಮ ಯಜಮಾನರು ಬೇಕಾದರೆ ಕೆಳಮನೆಗೆ ಸ್ಪರ್ಧಿಸಿ ಗೆಲ್ಲಲೂಬಹುದು. ಆ ಚರ್ಚಿನ ಜನರಲ್ ಸಿನಡ್ ಎಂಬ ಆಡಳಿತ ಸಭೆಯ ಚುನಾವಣೆಯೂ ಐರ್ಲೆಂಡಿನ ಹಾಗೆಯೇ ಪ್ರಾಶಸ್ತ್ಯದ ಮತಗಳ ಪದ್ಧತಿಯಲ್ಲೇ ನಡೆಯುವುದು. ಅಲ್ಲಿ ಬಾಣದ ಗುರುತು ಹಾಕಿದರೆ ಸೇವೆ, ಡಬ್ಲಿನ್ನಿಗೆ ಹಾಕಿದರೆ ಹುಚ್ಚು.

ಇನ್ನೊಂದು ಸಂಗತಿ. 2016ರಲ್ಲೂ ವಾರ್ಡನ್ ಇವರೇ, ಈಗಲೂ ಇವರೇ, ನಡುವೆ ಬಿಡುವೇ ಇಲ್ಲ ಅಂತ ಬರೆದಿದ್ದೀರಿ. ಅಲ್ಲಿನ 2001ರ ನಿಯಮದ ಪ್ರಕಾರ ವಾರ್ಡನ್ ಸತತ ಆರು ಅವಧಿ ಮುಗಿಸಿದ ಮೇಲೆ ಬಿಡುವು ತೆಗೆದುಕೊಳ್ಳಬೇಕು, ಈ ಮಿತಿ ನಮಗೆ ಬೇಡ ಎಂದು ಊರಿನ ಸಭೆಯೇ ನಿರ್ಣಯ ಮಾಡಿದ್ದರೆ ಮಾತ್ರ ವಿನಾಯಿತಿ. ಅಂಥ ನಿರ್ಣಯ ಆಗಿದೆಯಾ? ವಾರ್ಡನ್ ಆಯ್ಕೆಯ ಸಭೆಗೆ ಚರ್ಚಿಗೆ ಹೋಗುವವರು ಮಾತ್ರ ಅಲ್ಲ, ಆ ಪ್ಯಾರಿಷ್‌ನಲ್ಲಿ (ಅಂದರೆ ಆ ಚರ್ಚಿನ ವ್ಯಾಪ್ತಿಯ ಊರಿನಲ್ಲಿ) ಮತದಾರರ ಪಟ್ಟಿಯಲ್ಲಿರುವ ಯಾರು ಬೇಕಾದರೂ ಬಂದು ಓಟು ಹಾಕಬಹುದು. ಯುರೋಪಿನ ಎಲ್ಲ ಚುನಾವಣೆ ಗೊತ್ತಿರುವ ಪಾದ್ರಿಗಳ ಕಣ್ಣಿಗೆ ಇದೊಂದು ಬಿದ್ದಿಲ್ಲವೇ ಅಂತ ನನಗೆ ಆಶ್ಚರ್ಯ. ಬಿದ್ದಿರುತ್ತದೆ, ಸುಮ್ಮನಿದ್ದಾರೆ. ವಾರ್ಡನ್‌ಗೆ ಏನು ಉತ್ತರ ಕೊಡಲಿ ಅಂತ ಕೇಳಿದ್ದೀರಲ್ಲ, ಏನೂ ಕೊಡಬೇಡಿ. ಆರ್ಚ್‌ಡೀಕನ್‌ಗೆ ಹೇಳುವುದಾದರೆ ಹೇಳಿಕೊಳ್ಳಲಿ. ಪಾದ್ರಿ ರಾತ್ರಿ ಕೆನಡಾದ ಎಣಿಕೆ ನೋಡಿದರು ಅನ್ನುವ ದೂರು ಕೇಳಿ ಆರ್ಚ್‌ಡೀಕನ್ ಏನು ಮಾಡುತ್ತಾರೋ ನೋಡೋಣ.

ನಿಮ್ಮ ಕಷ್ಟ ಕಷ್ಟವೇ ಅಲ್ಲ ಅಂತ ನಾನು ಹೇಳುತ್ತಿಲ್ಲ. ಬೆಳಗಿನ ಪಾಳಿಗೆ ಐದಕ್ಕೆ ಏಳುವವರ ಮಂಚದ ಪಕ್ಕ ರಾತ್ರಿ ಎರಡಕ್ಕೆ ಯಾವುದೋ ದೇಶದ ವರದಿಗಾರ ಕೂಗಬಾರದು. ಇಯರ್‌ಫೋನ್ ಹಾಕಿಕೊಂಡು ಕೆಳಗಿನ ಕೋಣೆಯಲ್ಲಿ ನೋಡಲಿ. ಎಂಟು ಗಂಟೆಯ ಆರಾಧನೆ ಇದ್ದ ದಿನ ಮುಂಚೆಯೇ ಮಲಗಲಿ, ಬೆಳಿಗ್ಗೆ ಎದ್ದಾಗಲೂ ಗೆದ್ದವರು ಗೆದ್ದೇ ಇರುತ್ತಾರೆ. ಇದನ್ನೆಲ್ಲ ನೀವು ಹೇಗೂ ಹೇಳುತ್ತೀರಿ, ನಾನು ಹೇಳಬೇಕಾಗಿಲ್ಲ.

ನಾನು ಹೇಳುವುದು ಒಂದೇ ಕೆಲಸ. ಯಾರಿಗೆ ಓಟು ಹಾಕಿದಿರಿ ಅಂತ ಅವರನ್ನು ಕೇಳಿ.

ಶುಕ್ರವಾರ ಅವರಿಗೆ ವಾರದ ರಜೆ ಅಂತ ಬರೆದಿದ್ದೀರಿ. ಈ ಶುಕ್ರವಾರವೇ ಕೇಳಿ, ಟ್ಯಾಬ್ಲೆಟ್ ವಾಪಸ್ ಕೊಟ್ಟು ಕೇಳಿ. 2016ರಲ್ಲಿ ಯಾವುದಕ್ಕೆ, 2024ರಲ್ಲಿ ಯಾರಿಗೆ, ಫಲಿತಾಂಶ ಬಂದಾಗ ಒಳಗೆ ಏನನ್ನಿಸಿತು. ಥಟ್ಟನೆ ಹೇಳಲಾರರು, ಇಷ್ಟು ವರ್ಷದ ಅಭ್ಯಾಸ. ಆಗ ಮೊದಲು ನಿಮ್ಮದನ್ನು ಹೇಳಿ. ಅಲ್ಲಿ ಕಾಮನ್‌ವೆಲ್ತ್ ದೇಶಗಳಿಂದ ಬಂದು ನೆಲೆಸಿದವರಿಗೂ ಮತದಾನದ ಹಕ್ಕು ಇದೆ, ಎರಡು ಸಲವೂ ಅದೇ ಹಾಲ್‌ನಲ್ಲಿ ಓಟು ಹಾಕಿದ್ದೇನೆ ಅಂತ ನೀವೇ ಬರೆದಿದ್ದೀರಿ. ನೀವು ಯಾರಿಗೆ ಹಾಕಿದಿರಿ ಅಂತ ಅವರಿಗೆ ಗೊತ್ತಾ? ಇಲ್ಲ ತಾನೇ. ಹೇಳಿ. ಅವರದು ಬೇರೆ ಆಗಿದ್ದರೆ ಜಗಳ ಆಡಿ, ಏನೂ ಆಗುವುದಿಲ್ಲ. ಹೇಳಿದ್ದನ್ನು ಮಾತ್ರ ಮನೆಯಿಂದ ಆಚೆ ಒಯ್ಯಬೇಡಿ, ನಿಮ್ಮ ಅಕ್ಕನಿಗೂ ಬೇಡ.

ಒಮ್ಮೆ ಶುರು ಮಾಡಿದರೆ ರಾತ್ರಿ ಎರಡರವರೆಗೂ ನಿಲ್ಲಿಸಲಿಕ್ಕಿಲ್ಲ. ಮರುದಿನ ಶನಿವಾರ. ಚರ್ಚಿನಲ್ಲಿ ಮದುವೆ ಇದ್ದರೆ ಅಲಾರಂ ಇಟ್ಟು ಮಲಗಿ.