ಬ್ರೋಮೋ ಲೇಖನ ಕಳಿಸಿದ ಚಿಂತಾಮಣಿಯ ತಂಗಿಗೆ

ತಂಗಿ, ನಮಸ್ಕಾರ.

ಇಂಡೋನೇಷ್ಯಾದ ಜಾವಾ ದ್ವೀಪದ ಬ್ರೋಮೋ ಜ್ವಾಲಾಮುಖಿ, ಅದರ ಕುಳಿಗೆ ಬೆಳೆದದ್ದನ್ನು ಎಸೆದು ಒಪ್ಪಿಸುವ ಕಸದಾ ಹಬ್ಬ, ಇವುಗಳ ಬಗ್ಗೆ ‘ಬೆಂಕಿಯುಗುಳುವ ಬ್ರಹ್ಮ’ ಎಂಬ ನಿಮ್ಮ ಹನ್ನೊಂದು ಪುಟದ ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲಾರೆ. ಕೋಲಾರದಿಂದ ಇಷ್ಟುದ್ದ ಉತ್ತರ ಬರೆಯುತ್ತಿರುವುದು ಐದನೆಯ ಪುಟದ ನಾಲ್ಕು ಸಾಲುಗಳಿಗಾಗಿ.

“ನನ್ನ ಮುಂದಿದ್ದ ಹೆಂಗಸು ಆಲೂಗಡ್ಡೆ ಚೀಲದ ಬಾಯಿ ಬಿಚ್ಚಿದಳು. ಒಂದೊಂದು ಗಡ್ಡೆಯನ್ನೂ ಹೆಗಲ ಮೇಲಿನ ಸರೋಂಗಿನ ತುದಿಯಲ್ಲಿ ಒರೆಸಿ ಹೊಗೆಯೊಳಕ್ಕೆ ಎಸೆದಳು. ಚಿಕ್ಕವನ್ನು ಪಕ್ಕಕ್ಕೆ ತೆಗೆದಿಟ್ಟಳು. ನಮ್ಮಮ್ಮ ಮಂಡಿಗೆ ಹೋಗುವ ಮೂಟೆ ಕಟ್ಟುವಾಗಲೂ ಹೀಗೇ ಆರಿಸುತ್ತಾಳೆ.”

ಈ ಸಾಲು ಬರೆಯಬೇಕಾದರೆ ಜಾವಾಕ್ಕೂ ಹೋಗಿರಬೇಕು, ಚಿಂತಾಮಣಿ ಕಡೆಯ ಹೊಲದಲ್ಲೂ ಬೆಳೆದಿರಬೇಕು. ಲೇಖನ ಇಲ್ಲಿಂದಲೇ ಶುರುವಾಗಲಿ. ಇದಕ್ಕಿಂತ ಮುಂಚಿನ ನಾಲ್ಕು ಪುಟಗಳಲ್ಲಿ ನೀವೇ ಇಲ್ಲ. ಪೂರ್ವ ಜಾವಾ, ಎತ್ತರ 2329 ಮೀಟರ್, 1982ರಲ್ಲಿ ರಾಷ್ಟ್ರೀಯ ಉದ್ಯಾನ ಎಂದು ಒಂದರ ಹಿಂದೊಂದು ಸುರಿದಿದ್ದೀರಿ. ಅಂಕಿ ಬೇಡ ಎನ್ನುತ್ತಿಲ್ಲ. ಅದಕ್ಕೊಂದು ಜಾಗ ಬೇಕು. ನಮ್ಮ ನಂದಿಬೆಟ್ಟ 1478 ಮೀಟರ್. ಬ್ರೋಮೋದ ಮೆಟ್ಟಿಲು ಹತ್ತುವಾಗ ಎದೆ ಏದುಸಿರು ಬಿಟ್ಟಿತು ಎನ್ನುತ್ತೀರಲ್ಲ, ಆ ಎತ್ತರವನ್ನು ಅಲ್ಲಿ ಹೇಳಿ. ಓದುವವರ ಕಾಲಿಗೂ ತಿಳಿಯುತ್ತದೆ.

ಕೆಲವು ತಪ್ಪುಗಳಿವೆ, ತಿದ್ದಲೇಬೇಕು. ಬ್ರೋಮೋ ಜಾವಾದ ಅತಿ ಎತ್ತರದ ಜ್ವಾಲಾಮುಖಿಯಲ್ಲ. ಅದು ಪಕ್ಕದ ಸೆಮೆರು, 3676 ಮೀಟರ್. ಬ್ರೋಮೋ ಎಂದರೆ ಬ್ರಹ್ಮ, ಸೆಮೆರು ಎಂದರೆ ಸುಮೇರು. ಎರಡು ಹೆಸರೂ ಒಂದೇ ಕಡೆ ಕಣ್ಣಿಗೆ ಬಿದ್ದಿದ್ದರೂ ನೀವು ಒಂದನ್ನು ಬಿಟ್ಟಿದ್ದೀರಿ. ಇನ್ನು ‘ಭೂಗರ್ಭದಲ್ಲಿ ಧಗಧಗಿಸುವ ಬೆಂಕಿ’ ಎಂಬ ಮಾತು ಹೊಡೆದುಹಾಕಿ. ಒಳಗೆ ಏನೂ ಉರಿಯುತ್ತಿಲ್ಲ. ಸಮುದ್ರದ ತಳವನ್ನು ಹೊತ್ತ ಭೂಫಲಕವೊಂದು, ಅಂದರೆ ಭೂಮಿಯ ಹೊರಪದರದ ದೊಡ್ಡ ತುಂಡೊಂದು, ಜಾವಾದ ಅಡಿಗೆ ಜಾರುತ್ತಿದೆ. ಆಳಕ್ಕೆ ಹೋದಂತೆ ಅದರೊಳಗಿನ ನೀರು ಹೊರಬರುತ್ತದೆ. ಮೇಲಿನ ಬಿಸಿ ಬಂಡೆಗೆ ಆ ನೀರು ಸೇರಿದರೆ ಬಂಡೆ ಕಡಿಮೆ ಶಾಖಕ್ಕೇ ಕರಗುತ್ತದೆ. ಬೆಟ್ಟದ ಬೆಂಕಿಯ ಹಿಂದೆ ಇರುವುದು ಕಡಲ ನೀರು. ನಿಮ್ಮ ‘ಧಗಧಗ’ಕ್ಕಿಂತ ಇದು ಎಷ್ಟು ಬೆರಗಿನ ಸಂಗತಿ ನೋಡಿ!

‘ನಮ್ಮ ನಂದಿಯೂ ಒಮ್ಮೆ ಹೀಗೇ ಬೆಂಕಿ ಕಾರಿತ್ತು’ ಎಂದಿದ್ದೀರಿ. ಇಲ್ಲ. ನಂದಿ ಗ್ರಾನೈಟಿನ ಬೆಟ್ಟ. ಹೊರಗೆ ಬಾರದೆ ನೆಲದಾಳದಲ್ಲೇ ನಿಧಾನವಾಗಿ ಆರಿದ ಶಿಲಾರಸ ಅದು. ಮೇಲಿನ ನೆಲ ಸವೆದು ಈಗ ಕಾಣುತ್ತಿದೆ. ನಮ್ಮ ಸೀಮೆಯಲ್ಲಿ ಜ್ವಾಲಾಮುಖಿಯ ಗುರುತು ಬೇಕಿದ್ದರೆ ಕೆಜಿಎಫ್ ಹತ್ತಿರದ ಪೆದ್ದಪಲ್ಲಿಗೆ ಹೋಗಿ. ಅಲ್ಲಿನ ಬಂಡೆಗಳಿಗೆ ಸುಮಾರು 270 ಕೋಟಿ ವರ್ಷ. ಜ್ವಾಲಾಮುಖಿ ಸಿಡಿಸಿದ ಕಲ್ಲಚೂರುಗಳು ಅಲ್ಲಿ ಬಂಡೆಯಾಗಿ ಕೂಡಿಕೊಂಡಿವೆ. ನೀರಿನೊಳಗೆ ಹರಿದು ದಿಂಬಿನಂತೆ ಉಂಡೆಗಟ್ಟಿದ ಲಾವಾವೂ ಆ ಭಾಗದಲ್ಲಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಮನೆಯ ಹತ್ತಿರವೇ ನಿಜವಾದದ್ದು ಇರುವಾಗ ನಂದಿಯ ಮೇಲೆ ಇಲ್ಲದ್ದನ್ನು ಏಕೆ ಹೊರಿಸಬೇಕು?

ರೋರೋ ಆಂಟೆಂಗ್, ಜೋಕೋ ಸೆಗೆರ್ ದಂಪತಿಯ ಕಥೆಗೆ ಮೂರು ಪುಟ ಕೊಟ್ಟು, ಸಿನಿಮಾದ ಮಾತುಗಳನ್ನು ಅವರ ಬಾಯಿಗೆ ತುರುಕಿದ್ದೀರಿ. ಒಂದು ಪ್ಯಾರಾ ಸಾಕು. ಮಕ್ಕಳಿಲ್ಲದವರು ಬೆಟ್ಟಕ್ಕೆ ಹರಕೆ ಹೊತ್ತರು. ಇಪ್ಪತ್ತೈದು ಮಕ್ಕಳಾದವು. ಕೊನೆಯವನನ್ನು ಕೊಡುವ ಮಾತಿತ್ತು, ಕೊಡಲು ಕರುಳು ಒಪ್ಪಲಿಲ್ಲ. ಬೆಟ್ಟ ಸಿಡಿದು ಆ ಕೊನೆಯ ಮಗ ಕುಸುಮನನ್ನು ಎಳೆದುಕೊಂಡಿತು. ವರ್ಷಕ್ಕೊಮ್ಮೆ ಬೆಳೆದದ್ದನ್ನು ತಂದೊಪ್ಪಿಸಿ ಎಂದು ಕುಳಿಯೊಳಗಿಂದ ಅವನ ದನಿ ಕೇಳಿತು. ಆಂಟೆಂಗ್ ಹೆಸರಿನ ಕೊನೆ, ಸೆಗೆರ್ ಹೆಸರಿನ ಕೊನೆ ಸೇರಿ ತೆಂಗೆರ್ ಎಂಬ ಕುಲದ ಹೆಸರಾಯಿತು ಎನ್ನುತ್ತಾರೆ. ಇಷ್ಟು ಹೇಳಿ ಸುಮ್ಮನಾಗಿ. ಹರಕೆ ಎಂದರೇನೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಆ ಜಾಗ ಉಳಿಸಿ ಕಸದಾ ಹಬ್ಬದ ರಾತ್ರಿಗೆ ಕೊಡಿ. ಬೆಟ್ಟದ ಬುಡದ ಮರಳುಗಾಡಿನಲ್ಲಿರುವ ಪೋತೆನ್ ಗುಡಿಯ ಮುಂದೆ ನಿಂತಿದ್ದಿರಿ. ಹೊಸದಾಗಿ ಪೂಜಾರಿಯಾಗುವವರು ಎಲ್ಲರೆದುರು ಮಂತ್ರವನ್ನು ತಪ್ಪದೆ ಒಪ್ಪಿಸಬೇಕು. ಅದನ್ನು ಕಣ್ಣಾರೆ ಕಂಡೂ ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಯಾರಿಗಾದರೂ ಗಂಟಲು ಒಣಗಿತೇ? ಚಳಿಗೆ ದನಿ ನಡುಗಿತೇ? ನನಗೆ ಅದು ಬೇಕು.

ನನಗೆ ಬೇಸರ ತರಿಸಿದ್ದು ಎಂಟನೆಯ ಪುಟ. ಕುಳಿಯ ಇಳಿಜಾರಿನಲ್ಲಿ ಬಲೆ ಹಿಡಿದು ನಿಂತು, ಮೇಲಿಂದ ಬೀಳುವ ಕೋಳಿ, ಎಲೆಕೋಸು, ದುಡ್ಡನ್ನು ಹಿಡಿಯುವವರನ್ನು ‘ದೇವರ ಕಾಣಿಕೆಯನ್ನೂ ಬಿಡದ ಕಳ್ಳರು’ ಎಂದಿದ್ದೀರಿ. ಶಿವರಾತ್ರಿಯಲ್ಲಿ ಭೋಗನಂದೀಶ್ವರನ ತೇರಿಗೆ ಎಸೆದ ಬಾಳೆಹಣ್ಣು, ದವನ ಕೆಳಗೆ ಬಿದ್ದಾಗ ಮಕ್ಕಳು ಮುಗಿಬಿದ್ದು ಆಯುತ್ತಾರಲ್ಲ, ಅವರನ್ನು ಹೀಗೆ ಕರೆಯುತ್ತೀರಾ? ಬಲೆಯವರು ಆ ಹಬ್ಬದ ಭಾಗವೇ ಆಗಿಹೋಗಿದ್ದಾರೆ. ಗಂಧಕದ ಹೊಗೆಯಲ್ಲಿ, ಜಾರಿದರೆ ಗತಿಯಿಲ್ಲದ ಅಂಚಿನಲ್ಲಿ ನಿಂತವರು. ತೀರ್ಪು ಬಿಡಿ. ಅವರು ಬಲೆಯ ಕೋಲನ್ನು ಹೇಗೆ ಹಿಡಿದಿದ್ದರು, ಮುಖಕ್ಕೆ ಏನು ಕಟ್ಟಿಕೊಂಡಿದ್ದರು, ಅದನ್ನು ಬರೆಯಿರಿ.

ಕೊನೆಯ ಎರಡು ಪುಟ ‘ಪ್ರಕೃತಿಯ ಮುನಿಸು’ ಕುರಿತ ಉಪದೇಶ. ಅದನ್ನು ಪೂರ್ತಿ ತೆಗೆಯಿರಿ. ಬದಲಿಗೆ ಮಣ್ಣಿನ ಬಗ್ಗೆ ಹೇಳಿ. 2010ರ ಕೊನೆಗೆ ಬ್ರೋಮೋ ಸಿಡಿದಾಗ ಸುತ್ತಲಿನ ತರಕಾರಿ ಹೊಲಗಳ ಮೇಲೆ ಬೂದಿ ಕವಿದು ಬೆಳೆ ಹಾಳಾಯಿತು. ಅದೇ ಬೂದಿ ವರ್ಷಗಟ್ಟಲೆ ಮಳೆಗೆ ಕರಗಿ ಮಣ್ಣಾದರೆ ಪೊಟ್ಯಾಷಿಯಂನಂಥ ಸಾರ ಸೇರುತ್ತದೆ, ನೀರು ಹಿಡಿದಿಡುವ ಗುಣವೂ ಬರುತ್ತದೆ. ಅಲ್ಲಿನ ಆಲೂಗಡ್ಡೆ, ಈರುಳ್ಳಿ, ಎಲೆಕೋಸಿಗೆ ಆಸರೆ ಆ ನೆಲವೇ. ಕಿತ್ತುಕೊಳ್ಳುವುದೂ ಕೊಡುವುದೂ ಅದೇ ಬೆಟ್ಟ. ಬೆಳೆದದ್ದರಲ್ಲಿ ಒಳ್ಳೆಯದನ್ನು ಆರಿಸಿ ಕುಳಿಗೆ ಹಾಕುವ ಹೆಂಗಸಿನ ಕೈ ಆಗ ಅರ್ಥವಾಗುತ್ತದೆ. ನೀವು ವಿವರಿಸಬೇಕಾದದ್ದೇ ಇಲ್ಲ.

ಆರು ಪುಟಕ್ಕೆ ಇಳಿಸಿ ಮತ್ತೆ ಕಳಿಸಿ. ನಾನೇ ಓದುತ್ತೇನೆ. ಒಂದು ವಿಷಯ ಮಾತ್ರ ಮರೆಯಬೇಡಿ. ಆಕೆ ಎಸೆದ ಗಡ್ಡೆ ಕೆಂಪೋ ಬಿಳಿಯೋ, ಮಣ್ಣಿನ ಬಣ್ಣ ಹೇಗಿತ್ತು, ಪಕ್ಕಕ್ಕಿಟ್ಟ ಚಿಕ್ಕವನ್ನು ಆಮೇಲೆ ಏನು ಮಾಡಿದಳು? ಊರಿಗೆ ಬಂದಾಗ ನಿಮ್ಮಮ್ಮ ಇದನ್ನೆಲ್ಲ ಕೇಳಿಯೇ ಇರುತ್ತಾರೆ. ಅವರಿಗೆ ಕೊಟ್ಟ ಉತ್ತರವನ್ನೇ ಬರೆಯಿರಿ.